ಕಟಕಟೆಯಲ್ಲಿ ಲೋಕಮಾನ್ಯ

ಈ ಸಲದ ಸಂಚಿಕೆಗೆ ಯಾರಾದರೂ ಹಿರಿಯರ ಜೀವನಚರಿತ್ರೆ ಬರೆದುಕೊಡು ಅಂತ ನಮ್ಮ ಸಂಘದ ಕಾರ್ಯದರ್ಶಿ ಬೆನ್ನುಹತ್ತಿದಾಗ ನನ್ನ ತಲೆಯಲ್ಲಿ ಕವಿಯೂ ಇರಲಿಲ್ಲ, ಸಂತನೂ ಇರಲಿಲ್ಲ. ಇದ್ದದ್ದು ನನ್ನ ಸೋದರಮಾವನ ಕೋರ್ಟು ಕೇಸು.

ಮಾವ ಕುಂದಾಪುರದ ಕಡೆಯವರು. ಬಹಳ ವರ್ಷಗಳಿಂದ ಮುಂಬಯಿಯ ಒಂದು ಹೋಟೆಲಿನ ಗಲ್ಲಾದ ಮೇಲೆ ಕೂತವರು. ಒಂದು ರಾತ್ರಿ ಬಿಲ್ಲಿನ ವಿಷಯಕ್ಕೆ ಗಿರಾಕಿಯೊಬ್ಬನ ಜೊತೆ ಮಾತಿಗೆ ಮಾತು ಬೆಳೆಯಿತು, ಕೈಗೆ ಕೈ ತಾಗಿತು, ಮಾವನ ಮೇಲೆ ಕೇಸು ಬಿತ್ತು. ಕಾಗದ ಬಂದದ್ದು ಮರಾಠಿಯಲ್ಲಿ. ಮಾವನಿಗೆ ಮಾರ್ಕೆಟ್ಟಿನ ಮರಾಠಿ ಬರುತ್ತದೆ, ಕೋರ್ಟಿನ ಮರಾಠಿ ಬರುವುದಿಲ್ಲ. ವಕೀಲರ ಹತ್ತಿರ ಹೋಗುವಾಗ ಧೈರ್ಯಕ್ಕೆ ಇರಲಿ ಅಂತ ನನ್ನನ್ನೂ ಕರೆದುಕೊಂಡು ಹೋದರು. ವಕೀಲರು ಕೇಳಿದ ಮೊದಲನೆಯ ಪ್ರಶ್ನೆ, ಆರೋಪ ಏನು ಅಂತ. ಮಾವ ಆ ರಾತ್ರಿಯ ಕಥೆಯನ್ನು ಇಡ್ಲಿಯ ಲೆಕ್ಕದಿಂದ ಹಿಡಿದು ಹೇಳಿದರು. ವಕೀಲರು ತಾಳ್ಮೆಯಿಂದ ಕೇಳಿ, ಕಥೆ ಆಮೇಲೆ ಕೇಳೋಣ, ಮೊದಲು ಆರೋಪ ಯಾವುದು ಹೇಳಿ ಅಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇಬ್ಬರಿಗೂ ಗೊತ್ತಿರಲಿಲ್ಲ!

ಆ ದಿನ ಮಾವನನ್ನು ರೈಲು ಹತ್ತಿಸಿ, ನಾನು ಸುಮ್ಮನೆ ಹೈಕೋರ್ಟಿನ ಕಡೆ ನಡೆದೆ. ಓವಲ್ ಮೈದಾನದ ಎದುರಿನ ಆ ಕರಿಗಲ್ಲಿನ ಕಟ್ಟಡವನ್ನು ನೀವೆಲ್ಲ ಹೊರಗಿನಿಂದ ನೋಡಿದ್ದೀರಿ. ಅದರ ಸೆಂಟ್ರಲ್ ಕೋರ್ಟು ಎನ್ನುವ 46ನೇ ಕೊಠಡಿಯ ಹೊರಗೆ ಒಂದು ಫಲಕ ಉಂಟು. ಬಾಲ ಗಂಗಾಧರ ತಿಲಕರು ಇದೇ ಕೊಠಡಿಯಲ್ಲಿ ಅಪರಾಧಿ ಎನಿಸಿಕೊಂಡರು ಎಂಬುದರ ನೆನಪಿಗೆ, ಅವರ ಹುಟ್ಟಿನ ನೂರನೆಯ ವರ್ಷವಾದ 1956ರಲ್ಲಿ, ಆಗಿನ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅದನ್ನು ಅನಾವರಣ ಮಾಡಿದರು. ಶಿಕ್ಷೆ ಕೊಟ್ಟ ಕೋರ್ಟೇ ಶಿಕ್ಷೆ ಉಂಡವನ ಮಾತನ್ನು ಗೋಡೆಗೆ ಹಾಕಿಸಿಕೊಂಡಿದೆ. ಅಲ್ಲಿ ನಿಂತಾಗ ನನಗೆ ಹೊಳೆದದ್ದು ಇದು: ಶಾಲೆಯಲ್ಲಿ ನಾವು ಓದಿದ ತಿಲಕರು ಗಣೇಶೋತ್ಸವದವರು, ಸ್ವರಾಜ್ಯದ ಘೋಷಣೆಯವರು. ಆದರೆ ಈ ಮನುಷ್ಯ ಇಪ್ಪತ್ತಾರನೆಯ ವಯಸ್ಸಿನಿಂದ ಅರವತ್ತನೆಯ ವಯಸ್ಸಿನ ತನಕ ಮತ್ತೆ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದವರು. ಆರೋಪ ಅಂದರೆ ಏನು, ವಕೀಲನ ಕೆಲಸ ಏನು, ಆಪಾದಿತನ ಕೆಲಸ ಏನು ಎಂಬುದನ್ನು ಇವರ ಬಾಳಿನಿಂದ ಕಲಿಯಬಹುದಲ್ಲ ಎನಿಸಿತು. ಹಾಗಾಗಿ ಈ ಲೇಖನ. ನಾನು ಕಾನೂನಿನ ವಿದ್ಯಾರ್ಥಿಯಲ್ಲ. ಮಾವನ ಕೇಸಿನ ನೆಪದಲ್ಲಿ ಓದಿಕೊಂಡದ್ದನ್ನು ಹೇಳುತ್ತೇನೆ, ಅಷ್ಟೆ.

ತಿಲಕರು ಹುಟ್ಟಿದ್ದು 1856ರ ಜುಲೈ 23ರಂದು, ರತ್ನಾಗಿರಿಯ ಸೀಮೆಯಲ್ಲಿ. ತಂದೆ ಶಾಲಾ ಮಾಸ್ತರರು. ಮಗ ಹದಿನಾರರ ಹುಡುಗನಾಗಿದ್ದಾಗಲೇ ತೀರಿಕೊಂಡರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ 1876ರಲ್ಲಿ ಬಿ.ಎ. ಮಾಡಿದರು. ಗಣಿತದಲ್ಲಿ ಗಟ್ಟಿಗರು. 1879ರಲ್ಲಿ ಎಲ್.ಎಲ್.ಬಿ.ಯೂ ಆಯಿತು. ಇದನ್ನು ನೆನಪಿನಲ್ಲಿಡಿ. ಆ ಕಾಲದಲ್ಲಿ ವಕೀಲಿ ಅಂದರೆ ಚಿನ್ನದ ಮೊಟ್ಟೆ. ಇವರು ಮಾತ್ರ ಕರಿಕೋಟು ತೊಡಲಿಲ್ಲ. ಗೆಳೆಯರ ಜೊತೆ ಸೇರಿ 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲು, 1881ರ ಆರಂಭದಲ್ಲಿ ಮರಾಠಿಯ ಕೇಸರಿ, ಇಂಗ್ಲಿಷಿನ ಮರಾಠಾ ಪತ್ರಿಕೆಗಳು. ಮುಂದೆ 1890ರಲ್ಲಿ ಕಾಲೇಜಿನ ಕೆಲಸ ಬಿಟ್ಟ ಮೇಲೆ ಹೊಟ್ಟೆಪಾಡಿಗಾಗಿ ಕಾನೂನಿನ ಕ್ಲಾಸನ್ನೂ ನಡೆಸಿದರು. ಅಂದರೆ ಕಾನೂನು ಕಲಿತವರು, ಕಲಿಸಿದವರು. ಆದರೂ ಕೋರ್ಟಿನಲ್ಲಿ ಅವರ ಜಾಗ ಯಾವಾಗಲೂ ವಕೀಲರ ಬೆಂಚಿನಲ್ಲಿ ಅಲ್ಲ, ಕಟಕಟೆಯಲ್ಲಿ!

ಮೊದಲನೆಯ ಪೆಟ್ಟು ಪತ್ರಿಕೆ ಶುರುವಾದ ಮರುವರ್ಷವೇ ಬಿತ್ತು. ಕೊಲ್ಹಾಪುರದ ಎಳೆಯ ಮಹಾರಾಜರನ್ನು ದಿವಾನ ಬರ್ವೆಯವರು ಹಿಂಸಿಸುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತ್ತು. ಅದಕ್ಕೆ ಸಾಕ್ಷಿ ಎನ್ನುವಂಥ ಕೆಲವು ಪತ್ರಗಳು ಕೈಗೆ ಬಂದವು. ತಿಲಕರೂ ಆಗರಕರರೂ ನಂಬಿ ಅಚ್ಚುಹಾಕಿದರು. ದಿವಾನರು ಮಾನಹಾನಿಯ ಮೊಕದ್ದಮೆ ಹೂಡಿದರು. ಕೋರ್ಟಿನಲ್ಲಿ ಆ ಪತ್ರಗಳು ನಕಲಿ ಎಂದು ಗೊತ್ತಾಯಿತು. ಸಂಪಾದಕರು ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದರು. ಆದರೂ 1882ರ ಜುಲೈಯಲ್ಲಿ ಇಬ್ಬರಿಗೂ ನಾಲ್ಕು ತಿಂಗಳ ಸಜೆಯಾಯಿತು. ಇದೇ ಮುಂಬಯಿಯ ಡೋಂಗರಿ ಜೈಲಿನಲ್ಲಿ 101 ದಿನ ಕಳೆದು ಹೊರಗೆ ಬಂದರು. ಆಗರಕರರು ಆ ದಿನಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

ಮನಸ್ಸು ಒಳ್ಳೆಯದಿತ್ತು, ಉದ್ದೇಶ ಒಳ್ಳೆಯದಿತ್ತು. ಕಾಗದ ಮಾತ್ರ ಸುಳ್ಳು. ಕೈಯಲ್ಲಿರುವ ಕಾಗದ ನಿಜವೋ ಅಲ್ಲವೋ ಎಂದು ನಾವು ನೋಡಿಕೊಳ್ಳದಿದ್ದರೆ ಯಾವ ವಕೀಲ ಬಂದರೂ ಏನು ಮಾಡಿಯಾನು? ಇದು ಮೊದಲನೆಯ ಪಾಠ.

ಇನ್ನು ದೊಡ್ಡ ಖಟ್ಲೆ. ಅದಕ್ಕೆ ಮೊದಲು ಆ ಕಲಮಿನ ಬಗ್ಗೆ ಎರಡು ಮಾತು. ಇಂಡಿಯನ್ ಪೀನಲ್ ಕೋಡಿಗೆ 1870ರಲ್ಲಿ 124ಎ ಎಂಬ ಕಲಮು ಸೇರಿತು. ರಾಜದ್ರೋಹ ಅಂತ ಜನ ಅದನ್ನು ಕರೆದರು. ಕಲಮಿನ ಜೀವ ಇದ್ದದ್ದು ಒಂದೇ ಒಂದು ಇಂಗ್ಲಿಷ್ ಶಬ್ದದಲ್ಲಿ: ಡಿಸ್‌ಅಫೆಕ್ಷನ್. ಸರ್ಕಾರದ ಬಗ್ಗೆ ಜನರಲ್ಲಿ ಅದನ್ನು ಹುಟ್ಟಿಸುವುದು ಅಪರಾಧ. ಕನ್ನಡದಲ್ಲಿ ಏನನ್ನೋಣ? ಅಪ್ರೀತಿ? ದ್ವೇಷ? ಬೇಸರ? ಮನೆಯಲ್ಲಿ ಸೊಸೆಗೆ ಅತ್ತೆಯ ಮೇಲೆ ಪ್ರೀತಿ ಇಲ್ಲ ಎನ್ನುವುದು ಬೇರೆ, ವಿಷ ಹಾಕುವಷ್ಟು ಹಗೆ ಉಂಟು ಎನ್ನುವುದು ಬೇರೆ ಅಲ್ಲವೇ? ಈ ಅಂತರದಲ್ಲೇ ತಿಲಕರ ಬಾಳಿನ ಏಳೆಂಟು ವರ್ಷ ಜೈಲಿನಲ್ಲಿ ಕಳೆಯಿತು.

1897. ಪುಣೆಯಲ್ಲಿ ಪ್ಲೇಗು. ಪ್ಲೇಗಿನ ಅಧಿಕಾರಿ ರ‍್ಯಾಂಡ್ ಸಾಹೇಬನ ಸೋಲ್ಜರುಗಳು ಮನೆಮನೆಗೆ ನುಗ್ಗಿ ತಪಾಸಣೆ ನಡೆಸಿದ ರೀತಿಗೆ ಊರು ಕುದಿಯುತ್ತಿತ್ತು. ಜೂನ್ 15ರ ಕೇಸರಿಯಲ್ಲಿ ಶಿವಾಜಿ ಉತ್ಸವದ ವರದಿ, ಶಿವಾಜಿಯ ಬಾಯಲ್ಲಿ ಹೇಳಿಸಿದ ಒಂದು ಪದ್ಯ ಬಂದವು. ಅಫಜಲಖಾನನ ವಧೆಯ ಚರ್ಚೆಯೂ ಆ ವರದಿಯಲ್ಲಿತ್ತು. ಒಂದು ವಾರ ಕಳೆದು, ಜೂನ್ 22ರ ರಾತ್ರಿ, ರ‍್ಯಾಂಡ್ ಮೇಲೆ ಚಾಪೇಕರ ಸಹೋದರರ ಗುಂಡು ಹಾರಿತು. ತಿಲಕರಿಗೂ ಆ ಗುಂಡಿಗೂ ಸಂಬಂಧ ಉಂಟು ಎಂದು ಸರ್ಕಾರ ಕೋರ್ಟಿನಲ್ಲಿ ಆರೋಪಿಸಲಿಲ್ಲ. ಆರೋಪಿಸಿದ್ದು ರಾಜದ್ರೋಹವನ್ನು. ಇಲ್ಲಿ ಸ್ವಲ್ಪ ನಿಲ್ಲಿ. ಊರ ಬಾಯಲ್ಲಿ ಇರುವ ಅಪವಾದ ಬೇರೆ, ಕೋರ್ಟಿನ ಕಾಗದದಲ್ಲಿ ಬರೆದ ಆರೋಪ ಬೇರೆ. ಜನ ಕೊಲೆಯ ಮಾತಾಡುತ್ತಿದ್ದರು. ಕಾಗದದಲ್ಲಿ ಇದ್ದದ್ದು ಪದ್ಯ ಮತ್ತು ವರದಿ. ಉತ್ತರ ಕೊಡಬೇಕಾದ್ದು ಕಾಗದಕ್ಕೆ.

ಜುಲೈ 27ರಂದು ಮುಂಬಯಿಯಲ್ಲಿ ತಿಲಕರ ದಸ್ತಗಿರಿ ಆಯಿತು. ಜಾಮೀನು ಒಮ್ಮೆಗೆ ಸಿಗಲಿಲ್ಲ. ಮತ್ತೆ ಅರ್ಜಿ ಹಾಕಿ, ಆಗಸ್ಟಿನಲ್ಲಿ ನ್ಯಾಯಮೂರ್ತಿ ಬದ್ರುದ್ದೀನ್ ತ್ಯಾಬ್ಜಿಯವರು ಜಾಮೀನು ಕೊಟ್ಟರು. ತಿಲಕರ ಪರವಾಗಿ ನಿಂತು ಆ ಜಾಮೀನು ಕೊಡಿಸಿದ ಬ್ಯಾರಿಸ್ಟರ ಹೆಸರು ದಿನ್‌ಷಾ ದಾವರ್. ಈ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ.

ವಿಚಾರಣೆಗೆ ಕಲ್ಕತ್ತೆಯಿಂದ ಪ್ಯೂ ಮತ್ತು ಗಾರ್ತ್ ಎಂಬ ಇಬ್ಬರು ಬ್ಯಾರಿಸ್ಟರರು ಬಂದರು. ಬಂಗಾಳದವರು ಚಂದಾ ಎತ್ತಿ ಖರ್ಚಿಗೆ ನೆರವಾದರು. ಕ್ಷಮೆ ಕೇಳಿ ಮುಗಿಸಿಬಿಡಿ ಅಂತ ಹಿತೈಷಿಗಳು ಹೇಳಿ ನೋಡಿದರು. ತಿಲಕರು ಒಪ್ಪಲಿಲ್ಲ. ಕೊಲ್ಹಾಪುರದ ಕೇಸಿನಲ್ಲಿ ತಪ್ಪು ನಡೆದಿತ್ತು, ಕ್ಷಮೆ ಕೇಳಿದ್ದರು. ಇಲ್ಲಿ ತಪ್ಪು ನಡೆದಿಲ್ಲ ಎಂಬುದು ಅವರ ನಿಲುವು. ಸೆಪ್ಟೆಂಬರ್ 8ರಿಂದ 14ರ ತನಕ ನ್ಯಾಯಮೂರ್ತಿ ಸ್ಟ್ರೇಚಿಯವರ ಎದುರು ವಿಚಾರಣೆ ನಡೆಯಿತು. ಒಂಬತ್ತು ಮಂದಿ ಜೂರಿಗಳಲ್ಲಿ ಆರು ಮಂದಿ ಯುರೋಪಿಯನ್ನರು, ಮೂವರು ಭಾರತೀಯರು. ಸ್ಟ್ರೇಚಿಯವರು ಜೂರಿಗೆ ಕಲಮನ್ನು ವಿವರಿಸುವಾಗ, ಡಿಸ್‌ಅಫೆಕ್ಷನ್ ಅಂದರೆ ಅಫೆಕ್ಷನ್ ಇಲ್ಲದಿರುವುದು ಎಂದುಬಿಟ್ಟರು. ಹಗೆ, ತಿರಸ್ಕಾರ, ಬೇಸರ, ಎಲ್ಲ ಬಗೆಯ ಕೆಡುಮನಸ್ಸೂ ಅದರೊಳಗೆ ಬಂತು. ದಂಗೆ ಏಳಿ ಅಂತ ಬರೆದಿರಬೇಕಾಗಿಯೂ ಇಲ್ಲ. ಇಷ್ಟು ಅಗಲದ ಬಲೆಯಲ್ಲಿ ಯಾವ ಮೀನು ಬೀಳದೆ ಇದ್ದೀತು? ಆರು ಜನ ಅಪರಾಧಿ ಅಂದರು, ಮೂವರು ಅಲ್ಲ ಅಂದರು. ಹದಿನೆಂಟು ತಿಂಗಳ ಕಠಿಣ ಸಜೆ. ಲಂಡನ್ನಿನ ಪ್ರಿವಿ ಕೌನ್ಸಿಲಿನಲ್ಲಿ, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಆಸ್ಕ್ವಿತ್ ಇವರ ಪರ ವಾದಿಸಿದರು. ಅಪೀಲಿಗೆ ಅನುಮತಿ ಸಿಗಲಿಲ್ಲ. ಮ್ಯಾಕ್ಸ್ ಮುಲ್ಲರ್ ಮೊದಲಾದ ವಿದ್ವಾಂಸರು ಮನವಿ ಮಾಡಿಕೊಂಡ ಮೇಲೆ 1898ರ ಸೆಪ್ಟೆಂಬರಿನಲ್ಲಿ ಆರು ತಿಂಗಳು ಮುಂಚೆ ಬಿಡುಗಡೆಯಾಯಿತು. ಅದೇ ವರ್ಷ ಸರ್ಕಾರ ಕಲಮನ್ನು ತಿದ್ದಿ ಇನ್ನಷ್ಟು ಬಿಗಿಮಾಡಿತು. ಜನವರ್ಗಗಳ ನಡುವೆ ವೈರ ಹುಟ್ಟಿಸುವ ಅಪರಾಧಕ್ಕೆ 153ಎ ಎಂಬ ಹೊಸ ಕಲಮನ್ನೂ ಸೇರಿಸಿತು.

ನಡುವೆ ತಾಯಿಮಹಾರಾಜರ ಕೇಸು. ಪುಣೆಯ ಬಾಬಾ ಮಹಾರಾಜ ಎಂಬ ಸರದಾರರು ಸಾಯುವಾಗ ತಿಲಕರನ್ನು ಆಸ್ತಿಯ ಟ್ರಸ್ಟಿಗಳಲ್ಲಿ ಒಬ್ಬರನ್ನಾಗಿ ಮಾಡಿದ್ದರು. ದತ್ತು ತೆಗೆದುಕೊಳ್ಳುವ ವಿಷಯದಲ್ಲಿ ವಿಧವೆಗೂ ಟ್ರಸ್ಟಿಗಳಿಗೂ ಜಗಳ ಬಂದು, ಸಿವಿಲ್ ವ್ಯಾಜ್ಯ ಕ್ರಿಮಿನಲ್ ಆಗಿ, ಸುಳ್ಳು ಸಾಕ್ಷಿ ಹೇಳಿದರು ಎಂದು 1903ರಲ್ಲಿ ತಿಲಕರಿಗೆ ಶಿಕ್ಷೆಯಾಯಿತು. 1904ರಲ್ಲಿ ಹೈಕೋರ್ಟು ಅದನ್ನು ರದ್ದುಮಾಡಿತು. ಸತ್ತ ಗೆಳೆಯನಿಗೆ ಕೊಟ್ಟ ಮಾತಿಗಾಗಿ ಹೊತ್ತ ಈ ಹೊರೆ ಪ್ರಿವಿ ಕೌನ್ಸಿಲಿನ ತೀರ್ಪಿನಿಂದ ಇಳಿದದ್ದು 1915ರಲ್ಲಿ. ಕೋರ್ಟಿಗೆ ಹೋದವನು ಗೆದ್ದರೂ ಸೋತ ಎನ್ನುವ ನಮ್ಮ ಗಾದೆ ಸುಳ್ಳಲ್ಲ.

ಈಗ 1908. ಏಪ್ರಿಲ್ 30ರಂದು ಮುಜಫ್ಫರಪುರದಲ್ಲಿ ಖುದಿರಾಮ ಬೋಸ್ ಮತ್ತು ಪ್ರಫುಲ್ಲ ಚಾಕಿ ಎಸೆದ ಬಾಂಬಿಗೆ ಇಬ್ಬರು ಇಂಗ್ಲಿಷ್ ಹೆಂಗಸರು ಸತ್ತರು. ಗುರಿ ಇಟ್ಟದ್ದು ಬೇರೆಯವನಿಗೆ. ಇದರ ಮೇಲೆ ಕೇಸರಿಯಲ್ಲಿ ಲೇಖನಗಳು ಬಂದವು. ಬಾಂಬನ್ನು ಹೊಗಳಲಿಲ್ಲ, ಆದರೆ ಜನರನ್ನು ಆ ಸ್ಥಿತಿಗೆ ತಂದದ್ದು ಸರ್ಕಾರದ ದಬ್ಬಾಳಿಕೆಯೇ, ಇನ್ನೂ ದಮನ ಮಾಡಿದರೆ ರೋಗ ವಾಸಿಯಾಗದು ಎಂಬ ಧಾಟಿ. ಜೂನ್ 24ರಂದು ಕ್ರಾಫರ್ಡ್ ಮಾರ್ಕೆಟ್ಟಿನ ಹತ್ತಿರದ ಸರದಾರಗೃಹದಲ್ಲಿ ತಿಲಕರನ್ನು ಹಿಡಿದರು. ಮೇ 12ರ ಲೇಖನಕ್ಕೆ ಒಂದು ರಾಜದ್ರೋಹ, ಜೂನ್ 9ರ ಲೇಖನಕ್ಕೆ ಇನ್ನೊಂದು ರಾಜದ್ರೋಹ, ಅದೇ ಲೇಖನಕ್ಕೆ ವೈರ ಹುಟ್ಟಿಸಿದ 153ಎ ಕೂಡ. ಒಟ್ಟು ಮೂರು ಆರೋಪ.

ಜಾಮೀನಿಗಾಗಿ ಹೈಕೋರ್ಟಿನಲ್ಲಿ ಎದ್ದು ನಿಂತವರು ಮೂವತ್ತೆರಡು ತುಂಬದ ತರುಣ ಬ್ಯಾರಿಸ್ಟರ್ ಮಹಮ್ಮದ್ ಅಲಿ ಜಿನ್ನಾ. ಪೀಠದಲ್ಲಿ ಕೂತಿದ್ದವರು ಯಾರು ಗೊತ್ತೇ? ಅದೇ ದಾವರ್, ಈಗ ನ್ಯಾಯಮೂರ್ತಿ ದಾವರ್. ಹನ್ನೊಂದು ವರ್ಷದ ಹಿಂದೆ ಇದೇ ಮನುಷ್ಯನಿಗೆ, ಇದೇ ಕಲಮಿನ ಕೇಸಿನಲ್ಲಿ ಜಾಮೀನು ಕೇಳಿ ಗೆದ್ದವರು, ಈ ಸಲ ಜಾಮೀನು ಇಲ್ಲ ಅಂದರು. ಇದನ್ನು ಓದಿದಾಗ ನನಗೆ ಸಿಟ್ಟು ಬಂತು. ಆಮೇಲೆ ನಮ್ಮ ವಕೀಲರನ್ನು ಕೇಳಿದೆ. ವಕೀಲ ಮಾತಾಡುವುದು ಕಕ್ಷಿಯ ಪರವಾಗಿ, ಅದು ಅವನ ಸ್ವಂತ ಅಭಿಪ್ರಾಯ ಅಂತ ತಿಳಿಯಬೇಡ ಅಂದರು. ಅರ್ಥವಾಯಿತು, ಸಮಾಧಾನ ಮಾತ್ರ ಆಗಲಿಲ್ಲ. ಮುಂದೆ ದಾವರರಿಗೆ ಸರ್ ಪದವಿ ಬಂದಾಗ ವಕೀಲರ ಸಂಘದವರು ಏರ್ಪಡಿಸಿದ ಔತಣವನ್ನು ಜಿನ್ನಾ ಕಟುವಾಗಿ ವಿರೋಧಿಸಿದರು ಎಂದು ಛಾಗ್ಲಾ ತಮ್ಮ ಆತ್ಮಕತೆಯಲ್ಲಿ ಬರೆದಿದ್ದಾರೆ.

ಜುಲೈ 13ಕ್ಕೆ ವಿಚಾರಣೆ ಶುರು. ಸ್ಪೆಷಲ್ ಜೂರಿ: ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರಸಿಗಳು. ಮರಾಠಿ ಬಲ್ಲವರನ್ನು ಕೂರಿಸಿ ಎಂಬ ಬೇಡಿಕೆ ನಡೆಯಲಿಲ್ಲ. ಬ್ಯಾರಿಸ್ಟರ್ ಜೋಸೆಫ್ ಬ್ಯಾಪ್ಟಿಸ್ಟಾ ನೆರವಿಗೆ ಇದ್ದರು. ಆದರೆ ಜೂರಿಯ ಎದುರು ವಾದವನ್ನು ತಿಲಕರು ತಾವೇ ಕೈಗೆತ್ತಿಕೊಂಡರು.

ಸರ್ಕಾರದ ಭಾಷಾಂತರ ಇಲಾಖೆಯ ಸಾಕ್ಷಿಯನ್ನು ಅವರು ಪಾಟೀಸವಾಲು ಮಾಡಿದ ಭಾಗ ನಮ್ಮಂಥ ಭಾಷೆಯ ವಿದ್ಯಾರ್ಥಿಗಳು ಓದಬೇಕಾದ್ದು. ಬರೆದದ್ದು ಮರಾಠಿಯಲ್ಲಿ, ಅಪರಾಧ ಕಂಡದ್ದು ಇಂಗ್ಲಿಷಿನಲ್ಲಿ. ಈ ಮರಾಠಿ ಶಬ್ದಕ್ಕೆ ಈ ಇಂಗ್ಲಿಷ್ ಶಬ್ದ ಸರಿಯೇ? ಇದಕ್ಕಿಂತ ಮೆದುವಾದ ಶಬ್ದ ಇಲ್ಲವೇ? ನಿಘಂಟು ಏನು ಹೇಳುತ್ತದೆ? ಹೀಗೆ ಶಬ್ದ ಶಬ್ದಕ್ಕೂ ಜಗ್ಗಾಡಿದರು. ಹೊಟ್ಟೆಯ ಸಂಕಟವನ್ನು ತಾಯ್ನುಡಿಯಲ್ಲಿ ಹೇಳಿಕೊಂಡವನು, ಅದರ ತರ್ಜುಮೆಗಾಗಿ ಜೈಲಿಗೆ ಹೋಗಬೇಕೇ ಎಂಬುದು ಅವರ ವಾದದ ತಿರುಳು. ಜೂರಿಗೆ ಮೂಲ ಓದಲು ಬರುವುದಿಲ್ಲ, ಅವರು ತೀರ್ಪು ಕೊಡುವುದು ತರ್ಜುಮೆಯ ಮೇಲೆ. ಮಾವನ ಕೈಯಲ್ಲಿದ್ದ ಆ ಮರಾಠಿ ಕಾಗದ ನನ್ನ ಕಣ್ಣಮುಂದೆ ಬಂತು.

ಇನ್ನೊಂದು ಸಂಗತಿ. ಪುಣೆಯ ಮನೆಯ ಝಡತಿಯಲ್ಲಿ ಒಂದು ಕಾರ್ಡು ಸಿಕ್ಕಿತ್ತು, ಅದರಲ್ಲಿ ಸ್ಫೋಟಕಗಳ ಬಗೆಗಿನ ಎರಡು ಪುಸ್ತಕಗಳ ಹೆಸರು. ಪ್ರಾಸಿಕ್ಯೂಷನ್ನು ಅದನ್ನು ದೊಡ್ಡದು ಮಾಡಿತು. ಸರ್ಕಾರ ಆಗಷ್ಟೇ ತಂದ ಸ್ಫೋಟಕ ವಸ್ತುಗಳ ಕಾನೂನಿನ ಮೇಲೆ ಬರೆಯುವುದಿತ್ತು, ಅದಕ್ಕಾಗಿ ಹೆಸರು ಗುರುತುಹಾಕಿಕೊಂಡದ್ದು ಎಂದು ತಿಲಕರು ವಿವರಿಸಿದರು. ನೋಡಿ, ಪತ್ರಿಕೆಯವನ ಮೇಜಿನ ಮೇಲಿನ ಚೂರು ಕಾಗದ ಪೊಲೀಸರ ಕೈಗೆ ಹೋದಾಗ ಅದರ ಮುಖವೇ ಬೇರೆ. ಆ ಚೂರಿನ ಹಿಂದಿನ ಕಥೆ ಗೊತ್ತಿರುವುದು ಆಪಾದಿತ ಒಬ್ಬನಿಗೇ. ಅವನು ಹೇಳದಿದ್ದರೆ ಯಾವ ವಕೀಲನೂ ಹೇಳಲಾರ.

ತಿಲಕರು ಆರು ದಿನಗಳಲ್ಲಿ ಹರಡಿ ಒಟ್ಟು ಇಪ್ಪತ್ತೊಂದು ಗಂಟೆಗೂ ಮೀರಿ ಮಾತಾಡಿದರು. ಬೇರೆ ಪತ್ರಿಕೆಗಳೂ ಹೀಗೇ ಬರೆದಿವೆ ಎಂದು ತೋರಿಸಲು ಪತ್ರಿಕೆಗಳ ರಾಶಿಯನ್ನೇ ದಾಖಲೆಗೆ ಹಾಕಿದರು. ಇಲ್ಲಿ ಒಂದು ತೊಡಕು. ಆಗಿನ ಪದ್ಧತಿಯ ಪ್ರಕಾರ ಆಪಾದಿತ ತನ್ನ ಕಡೆಯಿಂದ ದಾಖಲೆ ಹಾಕಿದರೆ ಕೊನೆಯ ಮಾತು ಪ್ರಾಸಿಕ್ಯೂಷನ್ನಿನದು. ಅಡ್ವೊಕೇಟ್ ಜನರಲ್ ಬ್ರಾನ್ಸನ್ ಆ ಕೊನೆಯ ಮಾತನ್ನು ಚೆನ್ನಾಗಿ ಬಳಸಿಕೊಂಡರು. ಇಪ್ಪತ್ತೊಂದು ಗಂಟೆ ಮಾತಾಡಿದವರ ನಂತರ ಜೂರಿಯ ಕಿವಿಯಲ್ಲಿ ಉಳಿದದ್ದು ಎದುರಾಳಿಯ ದನಿ, ಅದರ ಮೇಲೆ ಜಡ್ಜರ ದನಿ.

ಜುಲೈ 22ರ ರಾತ್ರಿ ಜೂರಿ ಏಳಕ್ಕೆ ಎರಡರಂತೆ ಅಪರಾಧಿ ಎಂದಿತು. ಏನಾದರೂ ಹೇಳುವುದುಂಟೇ ಎಂದು ಕೇಳಿದಾಗ ತಿಲಕರು ಹೇಳಿದ್ದು ಕೆಲವೇ ವಾಕ್ಯ. ಜೂರಿ ಏನೇ ಹೇಳಲಿ ತಾನು ನಿರಪರಾಧಿ, ಲೋಕವನ್ನು ನಡೆಸುವ ಶಕ್ತಿ ಇದಕ್ಕಿಂತ ದೊಡ್ಡದು, ತಾನು ಹಿಡಿದ ಕಾರ್ಯ ತನ್ನ ಬಿಡುಗಡೆಗಿಂತ ತನ್ನ ಕಷ್ಟದಿಂದಲೇ ಹೆಚ್ಚು ಬೆಳೆಯಲಿ ಎಂಬುದು ವಿಧಿಯ ಇಚ್ಛೆ ಇದ್ದೀತು ಎಂಬ ಅರ್ಥದ ಮಾತು. ಫಲಕದಲ್ಲಿ ಇರುವುದು ಇದೇ. ದಾವರರು ಎರಡು ಆರೋಪಗಳಿಗೆ ಮೂರು ಮೂರು ವರ್ಷ, ಒಂದರ ಮೇಲೊಂದರಂತೆ ಒಟ್ಟು ಆರು ವರ್ಷದ ಗಡೀಪಾರು, ಮೂರನೆಯದಕ್ಕೆ 1000 ರೂಪಾಯಿ ದಂಡ ಹಾಕಿದರು. ಮರುದಿನ ತಿಲಕರಿಗೆ ಐವತ್ತೆರಡು ತುಂಬುವುದಿತ್ತು. ಆ ಮರುದಿನದಿಂದ ಮುಂಬಯಿಯ ಗಿರಣಿ ಕೆಲಸಗಾರರು ಯಂತ್ರ ನಿಲ್ಲಿಸಿ ಬೀದಿಗೆ ಬಂದರು. ಆರು ವರ್ಷಕ್ಕೆ ಆರು ದಿನದ ಮುಷ್ಕರ. ಗೋಲಿಬಾರಿನಲ್ಲಿ ಹಲವರು ಸತ್ತರು. ನಾವು ದಿನಾ ರೈಲಿನಲ್ಲಿ ದಾಟಿ ಬರುವ ಗಿರಣಗಾಂವ್‌ನಲ್ಲೇ ಇದೆಲ್ಲ ನಡೆದದ್ದು.

ಗಡೀಪಾರು ಸಾದಾ ಸಜೆಯಾಗಿ ಬದಲಾಯಿತು. ಬರ್ಮಾದ ಮಂಡಾಲೆಯಲ್ಲಿ ಮರದ ಹಲಗೆಗಳ ಕೋಣೆ. ಅಲ್ಲಿ ಪೆನ್ಸಿಲಿನಲ್ಲಿ ಗೀತಾರಹಸ್ಯ ಬರೆದರು. ಅದನ್ನು ಕನ್ನಡಕ್ಕೆ ತಂದವರು ನಮ್ಮ ಆಲೂರು ವೆಂಕಟರಾಯರು. 1912ರಲ್ಲಿ ಹೆಂಡತಿ ಸತ್ಯಭಾಮಾಬಾಯಿ ಪುಣೆಯಲ್ಲಿ ತೀರಿಕೊಂಡಾಗ ಗಂಡ ಮಂಡಾಲೆಯಲ್ಲಿ. 1914ರ ಜೂನಿನಲ್ಲಿ ಊರಿಗೆ ತಂದು ಬಿಟ್ಟರು.

ತಾವೇ ವಾದಿಸಿದ್ದರಿಂದ ಸೋತರು ಎಂದು ನಾನು ಹೇಳುವುದಿಲ್ಲ. 1897ರಲ್ಲಿ ದೊಡ್ಡ ಬ್ಯಾರಿಸ್ಟರರು ಇದ್ದೂ ಸೋತಿದ್ದರು. ಆ ಜೂರಿ, ಆ ಕಾಲ, ಆ ಕಲಮು ಹಾಗಿತ್ತು. ನನಗೆ ತೋರುವುದು, 1908ರಲ್ಲಿ ಅವರು ಬರೀ ಒಂಬತ್ತು ಜನ ಜೂರಿಗಳ ಹತ್ತಿರ ಮಾತಾಡಲಿಲ್ಲ, ದೇಶದ ಹತ್ತಿರ ಮಾತಾಡಿದರು. ಅದಕ್ಕೆ ಆರು ವರ್ಷದ ಬೆಲೆ ತೆತ್ತರು, ತಿಳಿದೇ ತೆತ್ತರು. ತಿಲಕರಿಗೆ ಅದು ಒಪ್ಪುತ್ತದೆ. ಹೋಟೆಲಿನ ಗಲ್ಲಾದ ಮಾವನಿಗೆ ಒಪ್ಪುವುದಿಲ್ಲ. ಈ ಕೇಸಿನಿಂದ ನನಗೆ ಬೇಕಾದ್ದೇನು ಎಂದು ಆಪಾದಿತ ಮೊದಲು ತನ್ನನ್ನೇ ಕೇಳಿಕೊಂಡು, ಅದನ್ನು ವಕೀಲನಿಗೆ ಬಾಯಿಬಿಟ್ಟು ಹೇಳಬೇಕು.

ಕೊನೆಯ ಖಟ್ಲೆಯ ಬೇರು ನಮ್ಮ ನೆಲದಲ್ಲೇ ಇದೆ. 1916ರ ಏಪ್ರಿಲ್ ಕೊನೆಗೆ ಬೆಳಗಾವಿಯಲ್ಲಿ ತಿಲಕರ ಹೋಂ ರೂಲ್ ಲೀಗ್ ಹುಟ್ಟಿತು. ಮೇ 1ರಂದು ಬೆಳಗಾವಿಯಲ್ಲಿ ಸ್ವರಾಜ್ಯದ ಮೇಲೆ ಭಾಷಣ, ತಿಂಗಳ ಕೊನೆಗೆ ಅಹಮದನಗರದಲ್ಲಿ ಎರಡು ಭಾಷಣ. ಪೊಲೀಸರ ಶೀಘ್ರಲಿಪಿಕಾರರು ಬರೆದುಕೊಂಡರು. ಜುಲೈಯಲ್ಲಿ ಪುಣೆಯಲ್ಲಿ ಅರವತ್ತರ ಹುಟ್ಟುಹಬ್ಬದ ಸಂಭ್ರಮ, ಜನ ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸುತ್ತಿದ್ದಾರೆ. ಅದೇ ಹೊತ್ತಿಗೆ ಸರ್ಕಾರದ ಉಡುಗೊರೆಯೂ ಬಂತು: ಒಂದು ನೋಟೀಸು. ಈ ಮೂರು ಭಾಷಣ ರಾಜದ್ರೋಹದವು, ಒಂದು ವರ್ಷ ಸರಿಯಾಗಿ ನಡೆದುಕೊಳ್ಳುತ್ತೇನೆಂದು 20,000 ರೂಪಾಯಿಯ ಮುಚ್ಚಳಿಕೆ, ಜೊತೆಗೆ ತಲಾ 10,000ದ ಇಬ್ಬರ ಜಾಮೀನು ಯಾಕೆ ಬರೆಸಿಕೊಳ್ಳಬಾರದು ಎಂದು. ಇದು ಶಿಕ್ಷೆಯ ಕೇಸಲ್ಲ, ಬಾಯಿಗೆ ಬೀಗ ಹಾಕುವ ಕೇಸು. ಕ್ರಿಮಿನಲ್ ಪ್ರೊಸೀಜರ್ ಕೋಡಿನ 108ನೇ ಕಲಮಿನ ಕೆಳಗೆ ಬಂದದ್ದು. ಆದರೆ ತೀರ್ಮಾನವಾಗಬೇಕಾದ್ದು ಮತ್ತದೇ ಹಳೆಯ ಶಬ್ದ.

ಈ ಸಲ ತಿಲಕರು ತಾವು ವಾದಿಸಲಿಲ್ಲ. ವಕಾಲತ್ತನ್ನು ಜಿನ್ನಾರ ಕೈಗೆ ಕೊಟ್ಟು ಸುಮ್ಮನೆ ಕೂತರು. ಪುಣೆಯ ಮ್ಯಾಜಿಸ್ಟ್ರೇಟರ ಎದುರು ಸೋಲಾಯಿತು. ಮುಚ್ಚಳಿಕೆಯ ಹುಕುಂ ಆಯಿತು. ಹೈಕೋರ್ಟಿಗೆ ಹೋದರು. ಅಲ್ಲಿ ಜೂರಿ ಇಲ್ಲ, ಇಬ್ಬರು ಜಡ್ಜರು: ಬ್ಯಾಚೆಲರ್ ಮತ್ತು ಶಾಹ್. ಜಿನ್ನಾ ದೇಶದ ಹತ್ತಿರ ಮಾತಾಡಲಿಲ್ಲ, ಜಡ್ಜರ ಹತ್ತಿರ ಮಾತಾಡಿದರು. ಇಲ್ಲೊಂದು ವಾಕ್ಯ ಅಲ್ಲೊಂದು ವಾಕ್ಯ ಹೆಕ್ಕಬೇಡಿ, ಭಾಷಣವನ್ನು ಇಡಿಯಾಗಿ ಓದಿ, ಈತ ಕೇಳುತ್ತಿರುವುದು ಆಡಳಿತದ ಬದಲಾವಣೆಯನ್ನು, ದೊರೆಯ ನಾಶವನ್ನಲ್ಲ ಎಂಬ ಹಾದಿ. ತಿಲಕರೂ ಭಾಷಣಗಳಲ್ಲಿ ಚಕ್ರವರ್ತಿ ಬೇರೆ, ನಡುವೆ ಕೂತ ಅಧಿಕಾರಶಾಹಿ ಬೇರೆ ಎಂದು ಎಚ್ಚರದಿಂದ ಗೆರೆ ಎಳೆದಿದ್ದರು. ಹತ್ತೊಂಬತ್ತು ವರ್ಷ ಪೆಟ್ಟು ತಿಂದು ಕಲಿತ ಎಚ್ಚರ ಅದು. ಭಾಷಣಗಳ ಒಟ್ಟು ಪರಿಣಾಮವನ್ನು ನೋಡಬೇಕು, ಬಿಡಿ ಮಾತುಗಳಿಗೆ ಅತಿಯಾದ ಒತ್ತು ಕೊಡಬಾರದು ಎಂದು ಬ್ಯಾಚೆಲರರು ಒಪ್ಪಿದರು. ಶಾಹ್ ಅವರೂ ಅದನ್ನೇ ಹೇಳಿದರು. 1916ರ ನವೆಂಬರ್ 9ರಂದು ಮ್ಯಾಜಿಸ್ಟ್ರೇಟರ ಹುಕುಂ ರದ್ದಾಯಿತು. ಸ್ವರಾಜ್ಯ ಬೇಕು ಎಂದು ಬಯಲಿನಲ್ಲಿ ನಿಂತು ಹೇಳುವುದು ಅಪರಾಧವಲ್ಲ ಎಂದು ದೇಶ ಅದನ್ನು ಅರ್ಥಮಾಡಿಕೊಂಡಿತು.

ಇಷ್ಟೆಲ್ಲ ಗೊತ್ತಿದ್ದ ಮನುಷ್ಯ ಕೊನೆಗೆ ತಾನೇ ಫಿರ್ಯಾದಿಯಾಗಿ ಲಂಡನ್ನಿಗೆ ಹೋದರು. ತಮ್ಮ ಬಗ್ಗೆ ಕೆಟ್ಟದಾಗಿ ಬರೆದ ವ್ಯಾಲೆಂಟೈನ್ ಚಿರೋಲ್ ಎಂಬ ಪತ್ರಕರ್ತನ ಮೇಲೆ ಮಾನಹಾನಿಯ ದಾವೆ. ಸರ್ ಜಾನ್ ಸೈಮನ್ ಇವರ ವಕೀಲರು, ಎದುರು ಪಕ್ಷಕ್ಕೆ ಸರ್ ಎಡ್ವರ್ಡ್ ಕಾರ್ಸನ್. 1919ರಲ್ಲಿ ಸೋತು, ದೊಡ್ಡ ಸಾಲ ಹೊತ್ತು ಬಂದರು. 1920ರ ಆಗಸ್ಟ್ 1ರಂದು ಅದೇ ಸರದಾರಗೃಹದಲ್ಲಿ ತೀರಿಕೊಂಡರು. ಚೌಪಾಟಿಯ ಮರಳಿನಲ್ಲಿ, ಸಮುದ್ರದಂಥ ಜನರ ನಡುವೆ ಚಿತೆ ಉರಿಯಿತು.

ಈಗ ಕಾಲ ಬದಲಾಗಿದೆ. ಜೂರಿ ಹೋಯಿತು. 2022ರ ಮೇ 11ರಂದು ಸುಪ್ರೀಂ ಕೋರ್ಟು 124ಎ ಕಲಮನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಪೀನಲ್ ಕೋಡಿನ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ರಾಜದ್ರೋಹ ಎಂಬ ಹೆಸರು ಅದರಲ್ಲಿಲ್ಲ, ಆದರೆ ದೇಶದ ಸಾರ್ವಭೌಮತೆ, ಏಕತೆಗೆ ಅಪಾಯ ತರುವ ಕೃತ್ಯಕ್ಕೆ 152ನೇ ಕಲಮು ಇದೆ. ಹಳೆಯ ಶಬ್ದ ಹೋದರೂ ಶಬ್ದದ ಜಗ್ಗಾಟ ಹೋಗುವುದಿಲ್ಲ. ಇನ್ನೊಂದು ಕಡೆ ನಮಗೆ ಕೆಲವು ಹಕ್ಕುಗಳುಂಟು. ಹಿಡಿದರೆ ಯಾಕೆ ಹಿಡಿದರು ಎಂದು ಹೇಳಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸಬೇಕು, ತನಗೆ ಬೇಕಾದ ವಕೀಲನನ್ನು ಇಟ್ಟುಕೊಳ್ಳಲು ಬಿಡಬೇಕು. ಇದು ಸಂವಿಧಾನದ 22ನೇ ವಿಧಿ. ದುಡ್ಡಿಲ್ಲದವರಿಗೆ, ಹೆಂಗಸರಿಗೆ, ದಲಿತರಿಗೆ, ಆದಿವಾಸಿಗಳಿಗೆ, ಕಸ್ಟಡಿಯಲ್ಲಿ ಇರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡಬೇಕು. ಇದು 1987ರ ಕಾಯಿದೆ. ವಕೀಲನಿಗೆ ನಾವು ಗುಟ್ಟಾಗಿ ಹೇಳಿದ್ದನ್ನು ನಮ್ಮ ಒಪ್ಪಿಗೆಯಿಲ್ಲದೆ ಅವನು ಹೊರಗೆ ಹೇಳುವಂತಿಲ್ಲ. ಮುಂದೆ ಮಾಡಲಿರುವ ಅಪರಾಧಕ್ಕೆ ಮಾತ್ರ ಈ ರಕ್ಷಣೆ ಇಲ್ಲ.

ಈ ಕೊನೆಯದನ್ನು ನಾನು ಮಾವನಿಗೆ ಮೂರು ಸಲ ಹೇಳಬೇಕಾಯಿತು. ಯಾಕೆಂದರೆ ಮಾವ ಒಂದು ಸಂಗತಿ ಮುಚ್ಚಿಟ್ಟಿದ್ದರು. ಮೊದಲು ಕಾಲರು ಹಿಡಿದದ್ದು ಗಿರಾಕಿಯಲ್ಲ, ಮಾವನೇ! ಮರ್ಯಾದೆಗೆ ಅಂಜಿ ವಕೀಲರಿಗೂ ಹೇಳಿರಲಿಲ್ಲ. ಮುಂದಿನ ಸಲ ಹೋಗುವಾಗ ನಾವು ಮರಾಠಿ ಕಾಗದವನ್ನು ನನ್ನ ಕ್ಲಾಸಿನ ಗೆಳೆಯನೊಬ್ಬನಿಂದ ಸಾಲು ಸಾಲಾಗಿ ಓದಿಸಿ, ಕನ್ನಡದಲ್ಲಿ ಬರೆದುಕೊಂಡು ಹೋದೆವು. ಆರೋಪ ಇಷ್ಟೇ: ಬೇಕೆಂದು ಪೆಟ್ಟು ಮಾಡಿದ್ದು. ಮಾವ ಊಹಿಸಿಕೊಂಡು ನಿದ್ದೆಗೆಟ್ಟದ್ದು ಕೊಲೆಯ ಪ್ರಯತ್ನ ಅಂತ. ಆಮೇಲೆ ತಲೆ ತಗ್ಗಿಸಿ ಕಾಲರಿನ ವಿಷಯ ಹೇಳಿದರು. ವಕೀಲರು ಬೈಯಲಿಲ್ಲ. ಇದು ಮೊದಲೇ ಗೊತ್ತಾದದ್ದು ಒಳ್ಳೆಯದಾಯಿತು, ಪಾಟೀಸವಾಲಿನಲ್ಲಿ ಹೊರಗೆ ಬಂದಿದ್ದರೆ ಉಳಿದ ನಿಜವೂ ಸುಳ್ಳಾಗುತ್ತಿತ್ತು ಅಂದರು. ಇಂಥ ಆರೋಪದಲ್ಲಿ ಪೆಟ್ಟು ತಿಂದವನು ಒಪ್ಪಿದರೆ ರಾಜಿಗೆ ಕಾನೂನಿನಲ್ಲೇ ಅವಕಾಶ ಉಂಟು ಎಂದು ತಿಳಿಸಿದರು. ಮಾವ ಬಹಳ ಹೊತ್ತು ಯೋಚಿಸಿದರು. ಗೆಲ್ಲಬೇಕೋ, ಮುಗಿಯಬೇಕೋ? ಮುಗಿದರೆ ಸಾಕು ಅಂದರು. ಎರಡು ತಾರೀಖು ಕಳೆದ ಮೇಲೆ ಕೋರ್ಟಿನಲ್ಲೇ ರಾಜಿಯಾಯಿತು. ಆ ಗಿರಾಕಿ ಈಗ ಮತ್ತೆ ಅದೇ ಹೋಟೆಲಿಗೆ ಬರುತ್ತಾನೆ. ಮಾವ ಬಿಲ್ಲನ್ನು ಎರಡು ಸಲ ಕೂಡಿಸಿ ನೋಡಿ ಕೊಡುತ್ತಾರೆ.

ಗೆಳೆಯರೇ, ಒಂದು ಶನಿವಾರ ಬಿಟ್ಟು ಯಾವುದಾದರೂ ಕೆಲಸದ ದಿನ ಬಿಡುವು ಮಾಡಿಕೊಂಡು ಆ 46ನೇ ಕೊಠಡಿಯ ಹತ್ತಿರ ಹೋಗಿ ಬನ್ನಿ. ಫಲಕದ ಇಂಗ್ಲಿಷನ್ನು ಓದಿ, ಮನಸ್ಸಿನಲ್ಲೇ ಕನ್ನಡಕ್ಕೆ ತರ್ಜುಮೆ ಮಾಡಿ ನೋಡಿ. ಯಾವ ಶಬ್ದ ಹಾಕಬೇಕು ಅಂತ ನೀವು ತಡವರಿಸುವ ಜಾಗ ಒಂದು ಬರುತ್ತದೆ. ಅಂಥ ಜಾಗದಲ್ಲೇ ಒಬ್ಬ ಮನುಷ್ಯನ ಆರು ವರ್ಷ ಹೋಯಿತು.